ಭಾನುವಾರ ದೊಂಬ್ರಾ ನೋಡಲು ಹೋಗೋಣ

ಅಲ್ಮಾಟಿಯ ಕನ್ನಡದ ಗೆಳೆಯರಿಗೆಲ್ಲ ನಮಸ್ಕಾರ.

ಈ ಭಾನುವಾರ ಇಲ್ಲಿ ಕಜಾಕಿಸ್ತಾನದಲ್ಲಿ ದೊಂಬ್ರಾ ದಿನ. ದೊಂಬ್ರಾ ಅಂದರೆ ಕಜಾಕರ ತಂತಿವಾದ್ಯ. 2018ರಿಂದ ಜುಲೈ ತಿಂಗಳ ಮೊದಲ ಭಾನುವಾರ ಇದನ್ನು ಆಚರಿಸುತ್ತಾರೆ. ರಜೆಗೆ ಊರಿಗೆ ಹೋಗದವರೆಲ್ಲ ಸೇರಿ ಪಾನ್‌ಫಿಲೋವ್ ಪಾರ್ಕಿನ ವಾದ್ಯಗಳ ಮ್ಯೂಸಿಯಂಗೆ ಹೋಗೋಣ ಅಂತ ಯೋಚನೆ.

ಬೆಳಿಗ್ಗೆ 10:30ಕ್ಕೆ ಜಿಬೆಕ್ ಜೋಲಿ ಮೆಟ್ರೋ ಬಾಗಿಲಲ್ಲಿ ಸೇರುವುದು. ಅಲ್ಲಿಂದ ನಡೆದೇ ಹೋಗಬಹುದು. ಟಿಕೆಟ್ ಅವರವರೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳು ಕಾಲೇಜಿನ ಐಡಿ ಮರೆಯಬೇಡಿ.

ದೊಂಬ್ರಾಕ್ಕೆ ಇರುವುದು ಎರಡೇ ತಂತಿ. ಹಾಡಿಲ್ಲದೆ ಬರೀ ತಂತಿಯಲ್ಲೇ ಕಥೆ ಹೇಳುವ 'ಕುಯ್' 2014ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿ ಸೇರಿತು. ಒಂದು ದಂತಕಥೆ ಇದೆ. ಚೆಂಗಿಸ್ ಖಾನನ ಮಗ ಜೋಚಿ ಬೇಟೆಯಲ್ಲಿ ಸತ್ತ. ಸುದ್ದಿ ತಂದವನ ಬಾಯಿಗೆ ಕಾದ ಸೀಸ ಹೊಯ್ಯುತ್ತೇನೆ ಅಂದಿದ್ದ ಖಾನ. ವಾದಕನೊಬ್ಬ ಬಾಯಿ ಬಿಡದೆ ದೊಂಬ್ರಾ ನುಡಿಸಿದ. ಖಾನನಿಗೆ ಅರ್ಥವಾಯಿತು, ಸೀಸವನ್ನು ದೊಂಬ್ರಾದ ಮೇಲೇ ಹೊಯ್ಯಿಸಿದ. ಅದರ ಮೈಮೇಲಿನ ತೂತು ಆಗಲೇ ಆದದ್ದಂತೆ! ಕುದುರೆ ಕೂದಲಿನ ತಂತಿಯ ಕೋಬಿಜ್ ಕೂಡ ತಪ್ಪದೆ ನೋಡಿ, ನನಗಂತೂ ಅದೇ ಜಾಸ್ತಿ ಇಷ್ಟ.

ಯಾರಾದರೂ ನುಡಿಸುತ್ತಿದ್ದರೆ ಫೋನ್ ಸೈಲೆಂಟ್ ಇರಲಿ. ಬರುವವರು ಎಷ್ಟು ಜನ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಲೆಕ್ಕ ಸಿಗುವುದಿಲ್ಲ.