ಬೈದರೆ ಬೀಡಿ ಬಿಡುತ್ತಾರಾ?

ಮಾನ್ಯರೆ,

ನಮ್ಮ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಬಿ.ಪಿ. ನೋಡಲು ಬರುವ ನರ್ಸ್ ಅಕ್ಕ ಹೇಳುವುದು ಒಂದೇ ಮಾತು: "ಉಪ್ಪು ಕಮ್ಮಿ ಮಾಡಿ, ಬೀಡಿ ಬಿಡಿ." ಎಲ್ಲರೂ ತಲೆಯಾಡಿಸುತ್ತಾರೆ. ಅವರು ಗೇಟು ದಾಟುವ ಮೊದಲೇ ಬೀಡಿ ಹೊತ್ತಿರುತ್ತದೆ. ದಿನವಿಡೀ ಮಳೆಯಲ್ಲಿ ನೆನೆದು ಬಂದವರಿಗೆ ಬೀಡಿ, ಒಣಮೀನು ಬಿಡುವುದು ಸುಲಭವಲ್ಲ, ಅಲ್ವಾ? ಅಕ್ಕನ ತಪ್ಪೂ ಅಲ್ಲ.

ಅಭ್ಯಾಸ ಬಿಡಿಸುವುದಕ್ಕೂ ಒಂದು ವಿದ್ಯೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲೇ, ಕುಡಿತದ ಸಮಸ್ಯೆ ಇದ್ದವರ ಜೊತೆ ಹೇಗೆ ಮಾತಾಡಬೇಕೆಂದು ಬರೆದರು. ಬೈಗುಳವಿಲ್ಲ, ಉಪದೇಶವಿಲ್ಲ. "ಬಿಟ್ಟರೆ ನಿಮಗೇನು ಒಳ್ಳೇದಾಗುತ್ತೆ?" ಎಂದು ಕೇಳಿ, ಕಾರಣ ಅವರ ಬಾಯಿಂದಲೇ ಬರುವಂತೆ ಮಾಡುವುದು. ನರ್ಸಿಂಗ್ ಸಂಶೋಧನೆಯಲ್ಲಿ ಇಂಥವನ್ನು ಔಷಧಿಯ ಹಾಗೆಯೇ ಪರೀಕ್ಷಿಸುತ್ತಾರೆ. ಮೊದಲು ಕೆಲವೇ ಜನರಲ್ಲಿ ನೋಡುತ್ತಾರೆ. ಆಮೇಲೆ ಚೀಟಿ ಎತ್ತಿದ ಹಾಗೆ ಎರಡು ಗುಂಪು: ಒಂದಕ್ಕೆ ಹೊಸ ಬಗೆ, ಇನ್ನೊಂದಕ್ಕೆ ಮಾಮೂಲಿ ಸಲಹೆ. ತಿಂಗಳುಗಳ ನಂತರ ಅಳತೆ. "ಬಿಟ್ಟೆ" ಎಂಬ ಬಾಯಿಮಾತು ಸಾಲದು, ಉಸಿರಿನಲ್ಲಿ ಬೀಡಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅನಿಲ ಎಷ್ಟಿದೆ ನೋಡುತ್ತಾರೆ. ಉಪ್ಪಿಗಾದರೆ 24 ಗಂಟೆಯ ಮೂತ್ರ ಕೂಡಿಟ್ಟು ಅದರಲ್ಲಿನ ಉಪ್ಪಿನಂಶ ಅಳೆಯುತ್ತಾರೆ.

ನರ್ಸಿಂಗ್ ಓದುವ ನನ್ನ ತಂಗಿಯ ಮಗಳ ಪ್ರಾಜೆಕ್ಟ್ ನೋಡಿದೆ. ಕರಪತ್ರ ಹಂಚಿ, ವಾರದೊಳಗೆ ಪ್ರಶ್ನೆಪತ್ರಿಕೆ ಕೊಟ್ಟು, "ಜ್ಞಾನ ಹೆಚ್ಚಿದೆ" ಎಂದು ಮುಗಿಸಿದ್ದಳು. ಜ್ಞಾನ ಹೆಚ್ಚಿತು ಸರಿ, ಬೀಡಿ ಕಮ್ಮಿ ಆಯ್ತಾ?

ಮಡಿಕೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ತೋಟಗಳೂ ಪಕ್ಕದಲ್ಲೇ ಇವೆ. ಇಂಥದ್ದೊಂದು ಪರೀಕ್ಷೆಯನ್ನು ಲೈನ್ ಮನೆಗಳಲ್ಲೇ, ಅಲ್ಲಿನವರು ಆಡುವ ಯರವ, ತಮಿಳು, ಮಲಯಾಳದಲ್ಲೇ ಮಾಡಲಿ. ಕಾಫಿ ಕೊಯ್ಲಿನ ತಿಂಗಳು ಮಾತ್ರ ಬೇಡ, ಆಗ ಯಾರೂ ಕೈಗೆ ಸಿಗುವುದಿಲ್ಲ.

– ಓದುಗ, ಸಿದ್ದಾಪುರ, ಕೊಡಗು