ಖೋ ಖೋ ತಂಡದಿಂದ ಹೆಸರು ತೆಗೆಸುವ ಮೊದಲು: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಹೆಸರುಕಾಳು ಒಕ್ಕಿ ಮುಗಿಯಿತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದದ್ದರಿಂದ ಕಾಳು ಕಪ್ಪಾಗಿ ಪೇಟೆಯಲ್ಲಿ ದರ ಸಿಗಲಿಲ್ಲ. ನಿಮ್ಮ ಅಪ್ಪ ಹಿಂಗಾರಿ ಜೋಳಕ್ಕೆ ಹೊಲ ಹರಗುತ್ತಿದ್ದಾರೆ. ಅಜ್ಜಿಯ ಮೊಣಕಾಲು ನೋವು ಕಡಿಮೆಯಾಗಿದೆ, ನಿನ್ನನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತಾಳೆ. ತಮ್ಮನಿಗೆ ಎಂಟನೆಯ ತರಗತಿಯ ಪುಸ್ತಕಗಳ ಜೊತೆಗೆ ಈಗ ಎನ್‌ಎಂಎಂಎಸ್ ಪರೀಕ್ಷೆಯ ಅಭ್ಯಾಸವೂ ಸೇರಿಕೊಂಡಿದೆ. ಪಾಸಾಗಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿಯಂತೆ ಪಿಯುಸಿ ಮುಗಿಯುವವರೆಗೆ ವಿದ್ಯಾರ್ಥಿವೇತನ ಬರುತ್ತದೆ ಎಂದು ಅವನ ಮೇಡಂ ಹೇಳಿದ್ದಾರೆ. ಆ ಹಣದಲ್ಲಿ ಏನೇನು ಕೊಳ್ಳಬೇಕೆಂದು ಈಗಲೇ ಲೆಕ್ಕ ಹಾಕುತ್ತಾನೆ.

ಭಾನುವಾರ ನಿನ್ನ ವಸತಿ ಶಾಲೆಯಿಂದ ಫೋನ್ ಮಾಡಿದಾಗ ನೀನು, "ಹತ್ತನೆಯ ತರಗತಿ ಅಲ್ಲವೇ ಅವ್ವ, ಈ ವರ್ಷ ಖೋ ಖೋ ಬಿಟ್ಟುಬಿಡುತ್ತೇನೆ, ಪಿ.ಟಿ. ಸರ್‌ಗೆ ಹೇಳಿ ಹೆಸರು ತೆಗೆಸುತ್ತೇನೆ" ಎಂದೆ. ನಿನ್ನ ಹಿಂದೆ ಫೋನಿಗಾಗಿ ಹುಡುಗಿಯರು ಸಾಲು ನಿಂತಿದ್ದರು. ಆ ಗದ್ದಲದಲ್ಲಿ ನಾನು ಹೂಂ ಎಂದದ್ದನ್ನು ನೀನು ಒಪ್ಪಿಗೆ ಎಂದು ತಿಳಿದಿರಬಹುದು. ನಾನು ಒಪ್ಪಿಲ್ಲ. ಯಾಕೆಂದು ಬರೆಯುತ್ತೇನೆ, ಸಮಾಧಾನವಾಗಿ ಓದು.

ನಾನು ಊರ ಹೈಸ್ಕೂಲಿನ ಬಿಸಿಯೂಟದ ಅಡುಗೆ ಕೋಣೆಯಲ್ಲಿರುವವಳು. ಪಾಠ ನನಗೆ ಕೇಳಿಸುವುದಿಲ್ಲ. ಆದರೆ ಆ ಶಾಲೆಯ ವಾರ ಪೂರ್ತಿ ನನ್ನ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ. ಬೆಳಿಗ್ಗೆ ಹಾಲಿನ ಪುಡಿ ಕದಡಿ ಒಲೆಗೆ ಇಡುವ ಹೊತ್ತಿಗೆ ಮಕ್ಕಳು ಪ್ರಾರ್ಥನೆಗೆ ನಿಂತಿರುತ್ತಾರೆ. ನಾಡಗೀತೆ ಆಗುತ್ತದೆ, ಸಂವಿಧಾನದ ಪೀಠಿಕೆ ಓದುತ್ತಾರೆ, ಒಬ್ಬರು ದಿನಪತ್ರಿಕೆಯ ಸುದ್ದಿ ಓದುತ್ತಾರೆ. ವಾರದಲ್ಲಿ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸುತ್ತೇವೆ, ಆ ದಿನ ಲೋಟ ಹಿಡಿದು ಎರಡನೆಯ ಸಲ ಬರುವವರು ಹೆಚ್ಚು. ಮೊಟ್ಟೆ ಈಗ ವಾರದ ಆರೂ ದಿನ ಇದೆ, ತಿನ್ನದವರಿಗೆ ಬಾಳೆಹಣ್ಣು. ಅಷ್ಟೂ ಮೊಟ್ಟೆ ಬೇಯಿಸಿ ಸುಲಿಯುವಷ್ಟರಲ್ಲಿ ನಮ್ಮ ಬೆರಳುಗಳು ಸುಟ್ಟಂತಾಗುತ್ತವೆ, ಆದರೂ ಮೊಟ್ಟೆ ಕಂಡಾಗ ಚಿಕ್ಕ ಹುಡುಗರ ಮುಖ ನೋಡಬೇಕು. ಶನಿವಾರ ಬೆಳಗಿನ ಶಾಲೆ, ಚೀಲವಿಲ್ಲದೆ ಬಂದರೆ ಅಂಗಳದ ತುಂಬ ಆಟ, ಚಿತ್ರ, ಹಾಡು.

ಸೋಮವಾರ ಪ್ರಾರ್ಥನೆಯ ಕೊನೆಗೆ ಹೆಡ್ ಮಾಸ್ತರರು ಹಿಂದಿನ ವಾರ ಗೆದ್ದು ಬಂದವರನ್ನು ಮುಂದೆ ಕರೆದು ನಿಲ್ಲಿಸುತ್ತಾರೆ. ನನಗೆ ಆ ಹೊತ್ತು ಬಹಳ ಇಷ್ಟ, ಒಲೆಯ ಉರಿ ತಗ್ಗಿಸಿ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಈ ಸೋಮವಾರ ಪ್ರತಿಭಾ ಕಾರಂಜಿಯ ಸರದಿ ಇತ್ತು. ಕ್ಲಸ್ಟರ್ ಮಟ್ಟದಲ್ಲಿ ಜಾನಪದ ಗೀತೆಗೆ ಮೊದಲು ಬಂದವಳು ನಮ್ಮ ಓಣಿಯ ಕುಂಬಾರರ ಹುಡುಗಿ. ಅವಳು ಹಾಡಿದ್ದು ಬೀಸುವ ಪದ. ಮನೆಯಲ್ಲಿ ಅವಳ ಅಜ್ಜಿ ಹಾಡುವುದನ್ನು ಕೇಳಿ ಕೇಳಿ ಕಲಿತದ್ದಂತೆ. ತಾಲೂಕಿಗೆ ಹೋಗುವಾಗ ಉಡಲು ಇಳಕಲ್ ಸೀರೆ ಬೇಕು ಎಂದಾಗ ನನ್ನ ಕೆಂಪು ದಡಿಯದನ್ನೇ ಕೊಟ್ಟೆ. ವಿಜ್ಞಾನದ ಮಾದರಿ ಮಾಡಿದ ಇಬ್ಬರು ಹುಡುಗರೂ ಬಂದು ನಿಂತರು. ಅವರ ಕಲ್ಪನೆಯನ್ನು ಇನ್‌ಸ್ಪೈರ್ ಪ್ರಶಸ್ತಿಗೆ ಕಳಿಸಿದ್ದಾರೆ, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ.

ಖೋ ಖೋ ತಂಡವನ್ನು ಮಾತ್ರ ಕರೆಯಲಿಲ್ಲ. ಅವರು ಸೋತಿದ್ದರು.

ಆ ಪಂದ್ಯ ನಡೆದದ್ದು ನಮ್ಮ ಶಾಲೆಯ ಮೈದಾನದಲ್ಲೇ. ವಲಯ ಮಟ್ಟದ ಕ್ರೀಡಾಕೂಟಕ್ಕೆ ಸುತ್ತಲಿನ ಹೈಸ್ಕೂಲುಗಳೆಲ್ಲ ಬಂದಿದ್ದವು. ನಾವು ಬೆಳಿಗ್ಗೆ ಉಪ್ಪಿಟ್ಟು ಶಿರಾ, ಮಧ್ಯಾಹ್ನ ಅನ್ನ ಸಾರು ಮಾಡಿ, ಪಾತ್ರೆ ತೊಳೆಯುವುದನ್ನು ಸಂಜೆಗೆ ಬಿಟ್ಟು ಹುಡುಗಿಯರ ಫೈನಲ್ ನೋಡಲು ಹೋಗಿ ನಿಂತೆವು. ನಮ್ಮವರು ಬೆನ್ನಟ್ಟುವಾಗ ಚೆನ್ನಾಗಿಯೇ ಆಡಿದರು. ಸಾಲಿನಲ್ಲಿ ಕುಳಿತ ಎಂಟೂ ಹುಡುಗಿಯರು ಎಚ್ಚರವಾಗಿದ್ದರು, ಖೋ ಬಿದ್ದ ಕ್ಷಣಕ್ಕೆ ಏಳುತ್ತಿದ್ದರು. ಕೊನೆಯ ಸರದಿ ಓಟದ್ದು. ಎದುರಿನವರು ಮೊದಲ ಮೂವರನ್ನು ಬೇಗ ಔಟ್ ಮಾಡಿದರು, ಎರಡನೆಯ ಮೂವರು ಸ್ವಲ್ಪ ಹೊತ್ತು ನಿಂತರು, ಮೂರನೆಯ ಮೂವರಾಗಿ ಬಂದವರೆಲ್ಲ ಒಂಬತ್ತನೆಯ ತರಗತಿಯ ಹೊಸಬರು. ಕಂಬದ ಹತ್ತಿರ ಹೋಗಿ ಸಿಕ್ಕಿಕೊಳ್ಳುವುದೇ ಆಯಿತು. ಆ ಹೊತ್ತಿನಲ್ಲಿ ಕಂಬ ಸುತ್ತಿಸಿ, ಸಾಲಿನ ನಡುವೆ ನುಸುಳಿ, ಗಡಿಯಾರ ಓಡಿಸುವ ಒಬ್ಬಳು ಬೇಕಿತ್ತು. ಅಂಥವಳು ನಮ್ಮ ಶಾಲೆಯಲ್ಲಿ ಇದ್ದಾಳೆ. ಅವಳು ಮೈದಾನದಿಂದ ನೂರು ಹೆಜ್ಜೆ ದೂರದಲ್ಲಿ ಹತ್ತನೆಯ ತರಗತಿಯ ಕೋಣೆಯೊಳಗೆ ಗಣಿತದ ವಿಶೇಷ ತರಗತಿಯಲ್ಲಿ ಕುಳಿತಿದ್ದಳು. ಗದ್ದಲವಾದಾಗಲೆಲ್ಲ ಕಿಟಕಿಯ ಕಂಬಿ ಹಿಡಿದು ನೋಡುತ್ತಿದ್ದಳು. ಮನೆಯಲ್ಲಿ ಒಪ್ಪಿರಲಿಲ್ಲ. ಎರಡು ಅಂಕಗಳಿಂದ ಸೋತರು.

ಅದೇ ದಿನ ಹುಡುಗರ ಕಬಡ್ಡಿ ತಂಡದಲ್ಲಿ ಹತ್ತನೆಯ ತರಗತಿಯವರು ಐದು ಜನ ಆಡಿದರು. ಅವರಿಗೂ ಅದೇ ಪರೀಕ್ಷೆ, ಅದೇ ಗಣಿತ. ಅವರನ್ನು ಮನೆಯಲ್ಲಿ ಯಾರೂ ತಡೆದಿರಲಿಲ್ಲ.

ಮಗಳೇ, ಇದನ್ನು ನಾನು ಈ ವರ್ಷ ಮಾತ್ರ ಕಂಡದ್ದಲ್ಲ. ಪ್ರತಿ ವರ್ಷ ಶಾಲೆ ಶುರುವಾದ ಮೇಲೆ ಸಂಜೆಯ ಆಟದಲ್ಲಿ ಹತ್ತನೆಯ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಮೊದಲು ಆಟದ ಬೂಟು ತರುವುದನ್ನು ಬಿಡುತ್ತಾರೆ, ಆಮೇಲೆ ಮೈದಾನದ ಅಂಚಿನಲ್ಲಿ ಕುಳಿತು ನೋಡುತ್ತಾರೆ, ಆಮೇಲೆ ಅಲ್ಲಿಗೂ ಬರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆಡಿದರಾಯಿತು ಎಂದು ಹಿರಿಯರು ಹೇಳುತ್ತಾರೆ. ಪಿಯುಸಿಗೆ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಕತ್ತಲಾಗುವ ಮೊದಲು ಮನೆ ಸೇರಬೇಕಾದ ಹುಡುಗಿ ಮತ್ತೆ ಯಾವಾಗ ಆಡುತ್ತಾಳೆ? ಆಡಿದವಳನ್ನು ನಾನು ನೋಡಿಲ್ಲ. ನಿನಗಿಂತ ಮುಂಚೆ ಈ ಊರಿನಿಂದ ಜಿಲ್ಲಾ ಮಟ್ಟಕ್ಕೆ ಓಡಿದ್ದ ಹುಡುಗಿಯರು ಇಬ್ಬರು ಈಗ ನಮ್ಮ ಸ್ವಸಹಾಯ ಸಂಘದಲ್ಲಿದ್ದಾರೆ. ಅವರ ಓಟದ ನೆನಪು ನನಗಿದೆ, ಅವರ ಮಕ್ಕಳಿಗೆ ಅದು ಗೊತ್ತೇ ಇಲ್ಲ.

ಅವರನ್ನೆಲ್ಲ ಬೇರೆಯವರು ಬಿಡಿಸಿದರು. ನಿನ್ನನ್ನು ಬಿಡು ಎಂದು ನಾವು ಯಾರೂ ಹೇಳಿಲ್ಲ, ನಿಮ್ಮ ಪ್ರಾಂಶುಪಾಲರೂ ಹೇಳಿಲ್ಲ. ಹೇಳುವ ಮೊದಲೇ ನೀನಾಗಿ ಬಿಡಲು ಹೊರಟದ್ದು ನನ್ನನ್ನು ಎರಡು ರಾತ್ರಿ ಮಲಗಲು ಬಿಡಲಿಲ್ಲ.

ನಿನ್ನ ಟ್ರಂಕಿನ ಒಳಮುಚ್ಚಳಕ್ಕೆ ಅಂಟಿಸಿಕೊಂಡಿರುವ ಪತ್ರಿಕೆಯ ತುಣುಕು ನನಗೆ ಗೊತ್ತು. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೆದು ಇಡೀ ರಾಜ್ಯಕ್ಕೆ ಒಬ್ಬಳೇ ಮೊದಲು ಬಂದವಳು ನಮ್ಮದೇ ಬಾಗಲಕೋಟೆ ಜಿಲ್ಲೆಯ ಹುಡುಗಿ, ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದವಳು, ರೈತರ ಮಗಳು. ನೀನೂ ಮೊರಾರ್ಜಿ ಶಾಲೆಯವಳು, ನೀನೂ ರೈತರ ಮಗಳು. ಆ ಸುದ್ದಿ ಬಂದ ದಿನ ನಿಮ್ಮ ಅಪ್ಪ ಪತ್ರಿಕೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಕಂಡವರಿಗೆಲ್ಲ ತೋರಿಸಿದ್ದರು. ಅವಳಂತೆ ಆಗಬೇಕೆಂಬ ನಿನ್ನ ಆಸೆ ದೊಡ್ಡದು, ಅದನ್ನು ಕಡಿಮೆ ಮಾಡಿಕೋ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಆಟ ಬಿಟ್ಟ ಹೊತ್ತೆಲ್ಲ ಅಂಕವಾಗುತ್ತದೆ ಎಂದು ನಿನಗೆ ಯಾರು ಹೇಳಿದರು?

ನಿನ್ನ ದಿನಚರಿಯನ್ನೇ ನೋಡು. ಬೆಳಗಿನ ಜಾವ ಏಳುತ್ತೀರಿ, ವ್ಯಾಯಾಮ, ಓದು, ತಿಂಡಿ, ತರಗತಿ, ಸಂಜೆ ಒಂದು ಗಂಟೆ ಆಟ, ಮತ್ತೆ ಓದು, ಊಟ, ಮತ್ತೆ ಓದು. ಆಟದ ಗಂಟೆ ಶಾಲೆಯೇ ಕೊಟ್ಟದ್ದು. ನೀನು ತಂಡದಿಂದ ಹೊರಗೆ ಬಂದರೂ ಆ ಗಂಟೆ ಎಲ್ಲರಿಗೂ ಗದ್ದಲದ ಗಂಟೆಯೇ, ಪುಸ್ತಕ ಹಿಡಿದು ಕುಳಿತರೆ ಕಿವಿಯೆಲ್ಲ ಮೈದಾನದ ಕಡೆಗೇ ಇರುತ್ತದೆ. ಇನ್ನು ಪಂದ್ಯಗಳಿಗೆ ಹೋಗುವ ದಿನಗಳು. ತಾಲೂಕು ಒಂದು ದಿನ. ಗೆದ್ದರೆ ಜಿಲ್ಲೆ. ಅಲ್ಲೂ ಗೆದ್ದರೆ ನಮ್ಮದು ಬೆಳಗಾವಿ ವಿಭಾಗ, ಅಲ್ಲಿಂದ ಮುಂದೆ ರಾಜ್ಯ. ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆ ಮಾರ್ಚ್ ಹೊತ್ತಿಗೆ. ತಪ್ಪಿದ ಪಾಠಗಳನ್ನು ಗೆಳತಿಯರ ಟಿಪ್ಪಣಿ ನೋಡಿ ತುಂಬಿಕೊಳ್ಳಲು ಬೇಕಾದಷ್ಟು ದಿನಗಳಿವೆ.

ನಿನ್ನ ಅಂಜಿಕೆ ಗಣಿತದ್ದು ಎಂದು ನನಗೆ ಗೊತ್ತು. ಎರಡನೆಯ ರೂಪಣಾತ್ಮಕ ಪರೀಕ್ಷೆಯ ಅಂಕ ಹೇಳುವಾಗ ನಿನ್ನ ದನಿ ಇಳಿದಿತ್ತು. ನೀನು ತ್ರಿಕೋನಮಿತಿ ಬಂದರೆ ಕೈ ನಡುಗುತ್ತದೆ ಎನ್ನುತ್ತೀ. ಅದಕ್ಕೆ ಔಷಧ ಗಣಿತದ ಮೇಡಂ ಹತ್ತಿರವೇ ಇದೆ. ನಮ್ಮ ಶಾಲೆಯ ಗಣಿತದ ಸರ್ ಊಟಕ್ಕೆ ಕುಳಿತಾಗ ಹೇಳುತ್ತಿದ್ದರು: ಪ್ರತಿ ವಿಷಯದಲ್ಲಿ 20 ಅಂಕ ವರ್ಷವಿಡೀ ಮಾಡುವ ಕೆಲಸಕ್ಕೆ, ಉಳಿದ 80 ಕೊನೆಯ ಪರೀಕ್ಷೆಗೆ. ಕನ್ನಡ ಪ್ರಥಮ ಭಾಷೆಯಾದ್ದರಿಂದ ಅದಕ್ಕೆ 25 ಮತ್ತು 100. ಗೊತ್ತಿಲ್ಲದ್ದನ್ನು ಅಂದಂದೇ ಕೇಳಿಕೊಂಡವರು ಮಾರ್ಚ್‌ನಲ್ಲಿ ಅಳುವುದಿಲ್ಲ ಎನ್ನುತ್ತಾರೆ ಅವರು. ರಾತ್ರಿಯ ಓದಿನ ಹೊತ್ತಿಗೆ ಮೇಲ್ವಿಚಾರಣೆಗೆ ಬರುವ ಶಿಕ್ಷಕರನ್ನು ಕೇಳು. ಕೇಳಲು ನಾಚಬೇಡ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೋದ ವರ್ಷ ತಾಲೂಕು ಮಟ್ಟಕ್ಕೆ ನಾನು ಬಂದಿದ್ದೆನಲ್ಲ. ಕರಿ ಮಣ್ಣಿನ ಮೈದಾನ, ಮಳೆ ಬಿದ್ದು ಅಲ್ಲಲ್ಲಿ ಜಾರುತ್ತಿತ್ತು. ನೀನು ಮೂರನೆಯ ಮೂವರಲ್ಲಿ ಒಳಗೆ ಬಂದೆ. ಜೊತೆಯ ಇಬ್ಬರು ಹೋದ ಮೇಲೆ ಒಬ್ಬಳೇ ಉಳಿದೆ. ಬೆನ್ನಟ್ಟುವವಳು ಹಿಂದಕ್ಕೆ ತಿರುಗುವಂತಿಲ್ಲ, ಸಾಲು ದಾಟುವಂತಿಲ್ಲ. ನಿನಗೆ ಆ ಎರಡೂ ದಾರಿ ತೆರೆದಿವೆ. ನೀನು ಅದನ್ನು ಎಷ್ಟು ಚೆನ್ನಾಗಿ ಅರಿತಿದ್ದೆ ಎಂದರೆ, ಅವರು ಖೋ ಕೊಡುವ ಮುನ್ನವೇ ಯಾರಿಗೆ ಕೊಡುತ್ತಾರೆ ಎಂದು ಅವರ ಭುಜ ನೋಡಿ ತಿಳಿದುಕೊಳ್ಳುತ್ತಿದ್ದೆ. ಗಿಳಿಯನ್ನು ಹಿಡಿಯಲು ಹೋದ ಹಾಗೆ ಆಯಿತು ಆ ಹುಡುಗಿಯರ ಪಾಡು, ಕೈ ಚಾಚಿದಲ್ಲಿ ನೀನಿಲ್ಲ. ಸೀಟಿ ಊದಿದಾಗ ನೀನು ಔಟಾಗಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಬೇರೆ ಶಾಲೆಯ ಮೇಡಂ, "ಯಾರ ಮಗಳು ಇವಳು, ಎಷ್ಟು ತಲೆ ಓಡಿಸುತ್ತಾಳೆ" ಎಂದರು. ನಾನು ಮಾತಾಡಲಿಲ್ಲ, ಗಂಟಲು ಕಟ್ಟಿತ್ತು.

ಆ ತಲೆಯೇ ಗಣಿತಕ್ಕೂ ಬೇಕಾದದ್ದು.

2025ರ ಜನವರಿಯಲ್ಲಿ ನವದೆಹಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ನಡೆಯಿತು. ನಮ್ಮ ದೇಶದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿ ಕಪ್ ಗೆದ್ದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲೂಕಿನ ಕುರುಬೂರಿನವರು. ಅವರದೂ ಹಳ್ಳಿಯೇ. ನಿನ್ನ ಟ್ರಂಕಿನ ಮುಚ್ಚಳದಲ್ಲಿ ಇನ್ನೊಂದು ತುಣುಕಿಗೆ ಜಾಗವಿದ್ದರೆ ಅವರ ಚಿತ್ರವನ್ನೂ ಅಂಟಿಸಿಕೋ ಎನ್ನುವ ಆಸೆ ನನ್ನದು. ನೀನು ವಿಶ್ವಕಪ್ ಆಡಬೇಕೆಂದು ಈ ಮಾತು ಹೇಳುತ್ತಿಲ್ಲ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲು ಹುದ್ದೆಗಳಿವೆ, ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ ಎಂದು ನಿಮ್ಮ ಮಾವ ಹೇಳುತ್ತಾನೆ. ಬಂದರೆ ಬರಲಿ. ನನಗೆ ಬೇಕಾದದ್ದು ಅದಕ್ಕಿಂತ ಚಿಕ್ಕದು: ಓಡಲು ಬರುವ ನನ್ನ ಮಗಳು ಹದಿನೈದನೆಯ ವಯಸ್ಸಿಗೆ ಓಟ ನಿಲ್ಲಿಸಬಾರದು.

ಇನ್ನೊಂದು ಮಾತು ಹೇಳಬೇಕು. ನಮ್ಮ ಶಾಲೆಯ ಹೆಡ್ ಮಾಸ್ತರರ ಕೋಣೆಯ ಹೊರಗೆ ಗೋಡೆಯ ಮೇಲೆ ಹಸಿರು ಬಣ್ಣದ ಫಲಕ ಇದೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರ ಹೆಸರು, ಅಂಕ, ಶೇಕಡಾವಾರು ಬರೆಸುತ್ತಾರೆ. ಬರೆಸಲೇಬೇಕು. ಆದರೆ ಜಿಲ್ಲೆಗೆ ಹೋಗಿ ಬಂದ ಆಟಗಾರ್ತಿಯರ ಹೆಸರಿಗೆ ಎಲ್ಲೂ ಜಾಗವಿಲ್ಲ. ಇದು ನನಗೆ ಸರಿ ಕಾಣಲಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಚಹಾ ಒಯ್ದಾಗ ಎಲ್ಲರ ಎದುರು ಕೇಳಿದೆ: ಆಟದವರಿಗೂ ಒಂದು ಫಲಕ ಬೇಡವೇ ಎಂದು. ಒಂದು ಕ್ಷಣ ಸುಮ್ಮನಾದರು. ಆಮೇಲೆ ನಮ್ಮ ಶಾಲೆಯ ಪಿ.ಟಿ. ಸರ್ ಎದ್ದು ನಿಂತು ಹೌದು ಎಂದರು. ಬಣ್ಣದ ಖರ್ಚನ್ನು ಹಳೆಯ ವಿದ್ಯಾರ್ಥಿಗಳಿಂದ ಕೇಳೋಣ ಎಂದು ತೀರ್ಮಾನವಾಗಿದೆ. ಕಿಟಕಿಯ ಕಂಬಿ ಹಿಡಿದು ನಿಂತಿದ್ದ ಆ ಹುಡುಗಿಯ ಮನೆಗೆ ಈ ಶುಕ್ರವಾರ ನಾನೂ ಪಿ.ಟಿ. ಸರ್ ಜೊತೆ ಹೋಗುತ್ತೇನೆ. ಅವಳ ತಾಯಿ ನಮ್ಮ ಸಂಘದವಳೇ, ನನ್ನ ಮಾತು ತೆಗೆದುಹಾಕುವುದಿಲ್ಲ. ಮೇಲಿನ ಹಂತಕ್ಕೆ ವಲಯದಿಂದ ಆಟಗಾರ್ತಿಯರನ್ನು ಆರಿಸುವಾಗ ಅವಳ ಹೆಸರೂ ಬರಬಹುದಂತೆ. ಬಾರದಿದ್ದರೂ ಸಂಜೆ ಅವಳು ಮೈದಾನಕ್ಕೆ ಬರಲಿ.

ಮೇಲಿನ ಓಣಿಯ ಕಾಕಾ ತಮ್ಮ ಮಗಳನ್ನು ನೋಡಲು ನಿಮ್ಮ ಶಾಲೆಗೆ ಬರುತ್ತಿದ್ದಾರೆ, ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಂಡಿ ಇವೆ. ಉಂಡಿಗಳನ್ನು ಕೋಣೆಯವರಿಗೆಲ್ಲ ಕೊಡು, ರೊಟ್ಟಿ ಮೆತ್ತಗಾಗದಂತೆ ಡಬ್ಬಿ ಬಿಗಿಯಾಗಿ ಮುಚ್ಚಿಡು. ಡಬ್ಬಿಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕ್ರೀಡಾಕೂಟಕ್ಕೆ ಕೊಡಬೇಕಾದ ಪೋಷಕರ ಒಪ್ಪಿಗೆ ಪತ್ರ ಇದೆ, ನಾನೂ ನಿಮ್ಮ ಅಪ್ಪನೂ ಸಹಿ ಮಾಡಿದ್ದೇವೆ. ಅದನ್ನು ನಿಮ್ಮ ಪಿ.ಟಿ. ಸರ್‌ಗೆ ಕೊಡುವುದು ಬಿಡುವುದು ನಿನಗೆ ಸೇರಿದ್ದು, ಕೊಡದಿದ್ದರೂ ನಾನು ಸಿಟ್ಟಾಗುವುದಿಲ್ಲ. ಆದರೆ ಈ ಭಾನುವಾರ ಫೋನ್ ಮಾಡುವ ಮೊದಲು ಎರಡು ಸಂಜೆಯಾದರೂ ಮೈದಾನಕ್ಕಿಳಿದು ಆಡಿ ನೋಡು, ಆಮೇಲೆ ನಿನ್ನ ಮನಸ್ಸು ಏನು ಹೇಳುತ್ತದೆಯೋ ಅದನ್ನು ನನಗೆ ಹೇಳು. ತ್ರಿಕೋನಮಿತಿಯ ವಿಷಯ ಮೇಡಂ ಹತ್ತಿರ ಕೇಳಿದೆಯಾ ಎಂಬುದನ್ನೂ ಹೇಳಬೇಕು.

ನಿನ್ನ ಅವ್ವ