ಓದೋಕೂ ದುಡ್ಡು, ಬರೆಯೋಕೂ ದುಡ್ಡು

ಸಂಪಾದಕರೇ,

‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ 3 ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಸಂಶೋಧನಾ ಜರ್ನಲ್‌ಗಳು ಓದೋಕೆ ಸಿಗುತ್ತವೆ, ಒಳ್ಳೆಯದೇ. ಖಾಸಗಿ ಕಾಲೇಜಿನ ನನ್ನಂಥ ಮೇಷ್ಟರಿಗೆ ಮಾತ್ರ ಬಾಗಿಲು ಇನ್ನೂ ತೆರೆದಿಲ್ಲ.

ಹೋದ ವರ್ಷ ನನ್ನ ಲೇಖನ ಒಪ್ಪಿಗೆಯಾದ ಖುಷಿಯಲ್ಲಿ ಮೇಲ್ ತೆರೆದರೆ, ಎಲ್ಲರೂ ಪುಕ್ಕಟೆ ಓದಬೇಕಾದರೆ ಒಂದೂವರೆ ಲಕ್ಷ ಕಟ್ಟಿ ಅಂತ ಇತ್ತು, ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ! ಕಟ್ಟಲಿಲ್ಲ ಬಿಡಿ. ಜರ್ನಲ್‌ನ ನಿಯಮ ನೋಡಿಕೊಂಡು, ಅಚ್ಚಿಗೆ ಮುಂಚಿನ ಕರಡನ್ನು ಒಂದು ರೆಪಾಸಿಟರಿಗೆ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಆನ್‌ಲೈನ್ ಸಂಗ್ರಹಕ್ಕೆ, ಹಾಕಿದೆ. ಕಾಸು ಖರ್ಚಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಇಂಥದ್ದು 2002ರಿಂದಲೇ ಇದೆ, ಗೊತ್ತಿರುವವರು ಕಡಿಮೆ ಅಷ್ಟೇ. ಪಿಎಚ್‌ಡಿ ಪ್ರಬಂಧವನ್ನು ‘ಶೋಧಗಂಗಾ’ ಎಂಬ ಆನ್‌ಲೈನ್ ಸಂಗ್ರಹಕ್ಕೆ ಹಾಕಿಸುವ ನಮ್ಮ ವಿಶ್ವವಿದ್ಯಾಲಯಗಳು ಮೇಷ್ಟರ ಲೇಖನಕ್ಕೂ ಒಂದು ಜಾಗ ಮಾಡಬಹುದು, ಅಲ್ವಾ?

– ಒಬ್ಬ ಉಪನ್ಯಾಸಕ, ತುಮಕೂರು